ಮೊರದ ತುಂಬ ಜೋಳ

“ಏ ಪಾರಿ! ಸಾಲಿ ಬಿಟ್ಟು ಜ್ವಾಳ ಮಾರಾಕ ಹೊಂಟೀಯೇನ?”

ಶಾಲೆಯ ಕಟ್ಟೆಯ ಮೇಲಿಂದ ಫಾತಿಮಾ ಕೂಗಿದಳು. ಅವಳ ಸುತ್ತ ಕೂತಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

ಪಾರಿ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಮೊರ ಹಿಡಿದಿದ್ದಳು. ಮೊರದ ತುಂಬ ಬಿಳಿಜೋಳ, ಜೋಳದ ನಡುವೆ ಒಂದು ಅಡಿಕೆ, ಮೇಲೆ ಮುಚ್ಚಿದ ಅವ್ವನ ಕುಬಸದ ಬಟ್ಟೆ. ಓಡಿದರೆ ಜೋಳ ಚೆಲ್ಲುತ್ತದೆ, ನಡೆದರೆ ಹೊತ್ತಾಗುತ್ತದೆ. ಹಾಗಾಗಿ ಅವಳು ಓಟವೂ ಅಲ್ಲ, ನಡಿಗೆಯೂ ಅಲ್ಲ ಅನ್ನುವ ಹಾಗೆ ಹೋಗುತ್ತಿದ್ದಳು.

“ನಿಂದ್ರಲ್ಲೆ!” ಉಮರಸಾಬ ಮಾಸ್ತರು ಬಾಗಿಲಿಗೆ ಬಂದರು. “ಹಾಜರಿಗೆ ಬಂದಿಲ್ಲ. ಎಲ್ಲಿಗೆ ಹೊಂಟಿ?”

ಪಾರಿ ತಲೆ ತಗ್ಗಿಸಿದಳು.

“ಬಾಯಿ ಇಲ್ಲೇನು? ಬೋಲೋ!”

ಬಾಯಿ ಇತ್ತು. ಆದರೆ ತೆರೆಯುವ ಹಾಗಿರಲಿಲ್ಲ.

ಬೆಳಿಗ್ಗೆ ಅವ್ವ ಗುಡಿಸಲ ಕಂಬ ಹಿಡಿದುಕೊಂಡು ಹೇಳಿದ್ದಳು: “ಪಾರಿ, ಬ್ಯಾನಿ ಸುರು ಆಗ್ಯಾವು. ಮಸೂತಿ ಹಿಂದ ಬಾಷಾಬಿ ಅಂತ ಸೂಲಗಿತ್ತಿ ಅದಾಳಂತ. ಆಕಿ ಮುಂದ ಈ ಮೊರ ಇಡು. ತಾನ ತಿಳಕೊಂಡು ಎದ್ದು ಬರ್ತಾಳ. ಆದ್ರ ಯಾಕ ಬಂದೀ ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡ. ಬಾಯಿ ಬಿಟ್ಟರ ಬ್ಯಾನಿ ನಿಂತು ಬಿಡ್ತಾವ. ಕೂಸಿಗೆ ಕುತ್ತು, ನನಗೂ ಕುತ್ತು.”

ಇಟಗಿಯ ಕಡೆ ಅವರ ಹಳ್ಳಿಯಲ್ಲಿ ಹಾಗೇ ನಡೆಯುತ್ತಿತ್ತು. ಜೋಳದ ಮೊರ ಕಂಡರೆ ಸಾಕು, ಸೂಲಗಿತ್ತಿ ಪಂಪಮ್ಮಜ್ಜಿ ತುಟಿಪಿಟಕ್ಕೆನ್ನದೆ ಸೆರಗು ಸಿಕ್ಕಿಸಿ ಹೊರಡುತ್ತಿದ್ದಳು.

ಆದರೆ ಇದು ಗಂಗಾವತಿ. ಅಪ್ಪ ಹೊಳಿಯಪ್ಪ ಅಕ್ಕಿ ಗಿರಣಿಯ ಹಮಾಲ ಆದಮೇಲೆ ಅವರು ಇಲ್ಲಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಯುದ್ಧದ ಕಾಲ, ಗಿರಣಿಗೆ ಪುರುಸೊತ್ತಿರಲಿಲ್ಲ. ಪೇಟೆಗೆ ಅಕ್ಕಿ ಚೀಲ ಹೊರುವ ಹೆಗಲು ಬೇಕಿತ್ತು. ಆ ಹೆಗಲಿನ ಹಿಂದೆ ಒಂದು ಮನೆ ಇರುತ್ತದೆ, ಆ ಮನೆಯಲ್ಲಿ ಯಾರೋ ನರಳುತ್ತಿರುತ್ತಾರೆ ಅನ್ನುವುದು ಪೇಟೆಗೆ ಬೇಕಿರಲಿಲ್ಲ. ಊರಲ್ಲಿ ದವಾಖಾನೆ ಇತ್ತು. ಅಲ್ಲಿಯ ಜವಾನ ದೊಡ್ಡವರ ಕುದುರೆಗಾಡಿಗೆ ಸಲಾಮು ಹೊಡೆಯುತ್ತಿದ್ದ. ಬರಿಗಾಲಿನವರು ಬಂದರೆ, “ಯಾರ ಕಡಿಯವರು ನೀವು?” ಅನ್ನುತ್ತಿದ್ದ. ಪಾರಿಯ ಮನೆಯವರು ಯಾರ ಕಡೆಯವರೂ ಆಗಿರಲಿಲ್ಲ.

“ಹಟಮಾರಿ,” ಅಂದರು ಮಾಸ್ತರು. “ನಾಳಿ ನಿಮ್ಮಪ್ಪನ್ನ ಕರ್ಕೊಂಡು ಬಾ.”

ಪಾರಿ ಮುಂದೆ ಹೊರಟಳು. ಬಜಾರಿನಲ್ಲಿ ಬದನೆಕಾಯಿ ಮಾರುವ ಮುದುಕಿ ಬಟ್ಟೆಯ ಅಂಚೆತ್ತಿ ನೋಡಿ, “ಜ್ವಾಳ ಹೆಂಗ ಕೊಟ್ಟಿ ತಂಗಿ?” ಅಂದಳು. ಪಾರಿ ಮೊರವನ್ನು ಎದೆಗೆ ಒತ್ತಿಕೊಂಡು ಓಡಿದಳು. ಒಂದಷ್ಟು ಜೋಳ ಚೆಲ್ಲಿಯೇಬಿಟ್ಟಿತು. ಹಿಂದಿನಿಂದ ಕೋಳಿಗಳು ಬೆನ್ನು ಹತ್ತಿದವು.

ಮಸೀದಿಯ ಹಿಂದೆ ಓಣಿ. ಓಣಿಯ ತುದಿಗೊಂದು ಸಣ್ಣ ದರ್ಗಾ, ಅದರ ಮಗ್ಗುಲಿಗೆ ಬಾಷಾಬಿಯ ಮನೆ. ದಪ್ಪನೆಯ, ಬಿಳಿ ಕೂದಲಿನ ಹೆಂಗಸು ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಪಾರಿ ಮೊರವನ್ನು ಅವಳ ಮುಂದಿಟ್ಟು ಕೈಕಟ್ಟಿ ನಿಂತಳು. ಇನ್ನೇನು ಅಜ್ಜಿ ಎದ್ದಳು, ಇನ್ನೇನು ಹೊರಟಳು.

ಬಾಷಾಬಿ ಎದ್ದಳು. ಬಟ್ಟೆ ತೆಗೆದು ನೋಡಿದಳು. ಅವಳ ಮುಖ ಅರಳಿತು.

“ದರ್ಗಾದ ಹರಕಿ ಜ್ವಾಳೇನವ್ವಾ? ಇವತ್ತು ಗುರುವಾರ, ಛಲೋ ದಿನ ತಂದಿ.”

ಒಳಗೆ ಹೋಗಿ ಜೋಳವನ್ನೆಲ್ಲ ಮಡಕೆಗೆ ಸುರಿದಳು. ಖಾಲಿ ಮೊರವನ್ನೂ ಬಟ್ಟೆಯನ್ನೂ ತಂದು ಪಾರಿಯ ಕೈಗೆ ಕೊಟ್ಟಳು. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟು, ತಲೆಯ ಮೇಲೆ ಕೈಯಾಡಿಸಿ, “ಅಲ್ಲಾ ನಿಮ್ಮನಿಗೆ ಛಲೋದು ಮಾಡ್ಲಿ. ಹೋಗು, ಬಿಸಲಾಗತೈತಿ,” ಅಂದಳು. ಮತ್ತೆ ಬೆಳ್ಳುಳ್ಳಿಗೆ ಕೂತಳು.

ಪಾರಿ ಅಲ್ಲೇ ನಿಂತಳು. ಬೆಲ್ಲ ಬೆವರಿಗೆ ಕರಗಿ ಅಂಟಂಟಾಯಿತು.

ಈ ಅಜ್ಜಿಗೆ ಮೊರದ ಮಾತು ಗೊತ್ತಿಲ್ಲ! ಈ ಊರಿಗೇ ಗೊತ್ತಿಲ್ಲ! ಹೇಳಿದರೆ ಬೇನೆ ನಿಲ್ಲುತ್ತದೆ. ಹೇಳದಿದ್ದರೆ ಯಾರೂ ಬರುವುದಿಲ್ಲ. ಅಲ್ಲಿ ಗುಡಿಸಲಲ್ಲಿ ಅವ್ವ ಒಬ್ಬಳೇ, ಕಂಬ ಹಿಡಿದುಕೊಂಡು…

“ಇನ್ನೂ ಯಾಕ ನಿಂತೀ? ಇನ್ನೊಂದು ಚೂರು ಬೆಲ್ಲ ಬೇಕೇನ?” ಬಾಷಾಬಿ ನಕ್ಕಳು.

ಪಾರಿ ಬಾಯಿ ತೆರೆದಳು.

“ನಮ್ಮವ್ವ ಹಡಿಯಾಕತ್ತ್ಯಾಳ! ಮನ್ಯಾಗ ಒಬ್ಬಾಕಿನ ಅದಾಳ! ಬರ್ರಿ! ಲಗೂನ ಬರ್ರಿ!”

ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿತು. ಬೆಳ್ಳುಳ್ಳಿ ಬುಟ್ಟಿ ಉರುಳಿತು.

“ಏ ಹುಚ್ಚಿ! ಅದನ್ನ ಮೊದಲ ಹೇಳಾಕ ಏನಾಗಿತ್ತು?”

“ಹೇಳಬಾರದಂತ್ರಿ,” ಅಂದು ಪಾರಿ ಗೊಳೋ ಅಂತ ಅತ್ತಳು.

ಎದುರುಮನೆಯಿಂದ ಗುರುಲಿಂಗಮ್ಮ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಯಾರ ಕೂಸದು?”

“ಹಳ್ಳದ ದಂಡಿ ಗುಡಿಸಲದವ್ರು ಕಾಣಸ್ತೈತಿ,” ಅಂದಳು ಬಾಷಾಬಿ ಚಪ್ಪಲಿ ಹುಡುಕುತ್ತ. “ಜ್ವಾಳದ ಸೀಮಿಯಿಂದ ಬಂದಾರಲ್ಲ, ಅವ್ರು.”

“ಅಯ್ಯ, ತುಂಬಿದ ಬಸುರಿ! ಬಾವಿಗೆ ಬರ್ತಾಳ, ಮುಖ ಎತ್ತಂಗಿಲ್ಲ, ಮಾತಾಡಂಗಿಲ್ಲ. ಸೊಕ್ಕು ಅಂತ ತಿಳ್ಕೊಂಡಿದ್ನಿ.”

“ನೀ ಮಾತಾಡಿಸಿದ್ಯೇನ?”

ಗುರುಲಿಂಗಮ್ಮ ಒಳಗೆ ಓಡಿದಳು. ಒಲೆಯ ಮೇಲಿದ್ದ ಬಿಸಿನೀರಿನ ಹಂಡೆಯನ್ನೇ ಸೊಂಟಕ್ಕೇರಿಸಿದಳು.

ಗುಡಿಸಲಿಗೆ ಬಂದಾಗ ಅವ್ವ ನೆಲಕ್ಕೆ ಕುಸಿದಿದ್ದಳು. ಬಾಷಾಬಿ ಒಳಗೆ ಹೋಗಿ ಬಿದಿರ ತಟ್ಟಿಯ ಬಾಗಿಲು ಮುಚ್ಚಿದಳು. ಪಾರಿ ಹೊರಗೆ ಮಣ್ಣಲ್ಲಿ ಕೂತಳು. ಮೊದಲು ಅವ್ವನ ನರಳಾಟ ಕೇಳುತ್ತಿತ್ತು. ಆಮೇಲೆ ಅದೂ ಕೇಳದಾಯಿತು.

ನಿಂತುಬಿಟ್ಟಿತು. ನಾನು ಹೇಳಿದ್ದಕ್ಕೇ ನಿಂತುಬಿಟ್ಟಿತು.

ಪಾರಿಯ ಹಲ್ಲು ಕಟಕಟ ಅಂದವು. ಬಿಸಿಲಲ್ಲಿ ಕೂತರೂ ಚಳಿ.

“ಅತ್ತಿ,” ಅಂದಳು ಗುರುಲಿಂಗಮ್ಮನ ಸೆರಗು ಹಿಡಿದು, “ನಾ ಬಾಯಿ ಬಿಟ್ಟಿದ್ದಕ್ಕ ಬ್ಯಾನಿ ನಿಂತೂ ಏನ್ರಿ?”

ಗುರುಲಿಂಗಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. “ಯಾರ ಹೇಳ್ಯಾರ ನಿನಗ? ನಮ್ಮ ಅಂದಪ್ಪ ಹುಟ್ಟೂ ಮುಂದ ನಾ ಚೀರಿದ್ದು ಹೊಳಿ ದಂಡಿ ಮಟ ಕೇಳಿತ್ತು. ಊರಿಗೆ ಊರ ಬಂದು ನಿಂತಿತ್ತು. ಈಗ ನೋಡು ಆಂವನ್ನ, ಕ್ವಾಣ ಬೆಳದಂಗ ಬೆಳದಾನ.”

ಪಾರಿಗೆ ನಗು ಬರಲಿಲ್ಲ. ಆದರೆ ಹಲ್ಲು ಕಟಕಟ ಅನ್ನುವುದು ನಿಂತಿತು.

ಆಗಲೇ ಒಳಗಿಂದ ಬೆಕ್ಕಿನ ಮರಿಯಂಥ ದನಿ. ಆಮೇಲೆ ಜೋರಾಗಿ, ಸಿಟ್ಟಿನಿಂದ.

ಬಾಷಾಬಿ ತಟ್ಟಿ ಸರಿಸಿದಳು. ಮುಖದ ತುಂಬ ಬೆವರು. “ತಂಗಿ ಬಂದಾಳ ನೋಡು, ಪಾರಿ. ನಿನ್ನಂಗ ಬಾಯಿ ಮಾಡ್ತಾಳ. ನಿಮ್ಮವ್ವನೂ ಛಲೋ ಅದಾಳ.” ಮತ್ತೆ ಸುತ್ತ ನೋಡಿದಳು. “ಇವರಪ್ಪಗ ಸುದ್ದಿ ಮುಟ್ಟಸ್ರಿ.”

ಹಿಂದೆಯೇ ಬಂದು ಸೇರಿದ್ದ ಓಣಿಯ ಹೆಂಗಸರು ಮುಖ ಮುಖ ನೋಡಿಕೊಂಡರು.

“ಗಿರಣಿ ಹಮಾಲರ ಮುಕದ್ದಮ ಉಮಾಪತಿ ಗಾಡಿ ತುಂಬೂ ಮಟ ಯಾರನ್ನೂ ಬಿಡಂಗಿಲ್ಲ,” ಅಂದಳು ಗುರುಲಿಂಗಮ್ಮ. “ಹಮಾಲ ಹಂಪಣ್ಣನ ಅವ್ವ ಸತ್ತಾಗ ಹೆಂಗ ಮಾಡಿದ? ಸುದ್ದಿ ತನ್ನ ಹೊಟ್ಟ್ಯಾಗ ಇಟ್ಕೊಂಡು, ಗಾಡಿ ಹೋದಮ್ಯಾಲ ಹೇಳಿದ. ಸಂಜೀಗೆ ಬರ್ತಾನ ಬಿಡ್ರಿ.”

ಪಾರಿ ಎದ್ದಳು. ಯಾರನ್ನೂ ಕೇಳಲಿಲ್ಲ.

ಗಿರಣಿಯ ಅಂಗಳದಲ್ಲಿ ಇಂಜಿನ್ನು ದಡದಡ ಅನ್ನುತ್ತಿತ್ತು. ಹಲಗೆಯ ಮೇಲೆ ಹಮಾಲರು ಸಾಲಾಗಿ ಗಾಡಿ ಹತ್ತುತ್ತಿದ್ದರು. ಎಲ್ಲರ ತಲೆಗೂ ಗೋಣಿಯ ಕೊಪ್ಪೆ, ಎಲ್ಲರ ಬೆನ್ನಿಗೂ ಚೀಲ. ಅದರಲ್ಲಿ ಅಪ್ಪ ಯಾರು ಅನ್ನುವುದೇ ಪಾರಿಗೆ ತಿಳಿಯಲಿಲ್ಲ.

ಮುಕದ್ದಮ ಹಗ್ಗದ ಹೊರಸಿನ ಮೇಲೆ ಕೂತಿದ್ದ. “ಏ ಹುಡುಗಿ, ಹಿಂದ ಸರಿ. ಏನಿದ್ರೂ ನನ್ನ ಮುಂದ ಹೇಳು. ನಾ ಹೇಳ್ತೀನಿ ಆಮ್ಯಾಲ.”

ಪಾರಿ ಅವನನ್ನು ನೋಡಿದಳು. ಹೊರಸನ್ನು ಸುತ್ತು ಹಾಕಿ ಅಂಗಳದ ನಡುವಿಗೆ ಹೋಗಿ ನಿಂತಳು. ಎದೆ ತುಂಬ ಉಸಿರು ಎಳೆದುಕೊಂಡಳು.

“ಅಪ್ಪಾ! ಅವ್ವ ಹಡದಾಳ! ತಂಗಿ ಬಂದಾಳ! ಇಬ್ರೂ ಛಲೋ ಅದಾರ!”

ಹಲಗೆಯ ಮೇಲಿನ ಸಾಲು ನಿಂತಿತು. ಚೀಲ ಹೊತ್ತವರೆಲ್ಲ ಹೊತ್ತ ಹಾಗೇ ನಿಂತರು. ನಡುವಿನ ಒಂದು ಬೆನ್ನು ಅಲುಗಿತು. ಆಗಷ್ಟೇ ತನ್ನ ಚೀಲ ಇಳಿಸಿದ್ದ ಒಬ್ಬ ಹಮಾಲ ತಟ್ಟನೆ ಬಂದು ಆ ಚೀಲಕ್ಕೆ ತನ್ನ ಹೆಗಲು ಕೊಟ್ಟ.

“ಹೋಗೋ ಹೊಳಿಯಪ್ಪಾ,” ಅಂದ ಆತ. “ಹೋಗು, ನಾವದೀವಿ.”

ಮುಕದ್ದಮ ಎದ್ದು ನಿಂತು ಏನೋ ಒದರುತ್ತಿದ್ದ. ಹಮಾಲರು ಯಾರೂ ಆ ಕಡೆ ತಿರುಗಲಿಲ್ಲ.

ಕೊಪ್ಪೆ ಸರಿಸಿ ಅಪ್ಪ ಇಳಿದು ಬಂದ. ಹುಬ್ಬಿನ ತುಂಬ ತೌಡು. ಪಾರಿಯ ಮುಂದೆ ಮೊಣಕಾಲೂರಿ ಕೂತ.

“ಇಂಜಿನ್ ಸಪ್ಪಳದಾಗ ಅರ್ಧಾನೇ ಕೇಳಿತವ್ವಾ. ಇನ್ನೊಮ್ಮಿ ಹೇಳು.”

ಪಾರಿ ಹೇಳಿದಳು. ಗಾಡಿಯ ಆಚೆ ತುದಿಯಲ್ಲಿದ್ದವರಿಗೂ ಕೇಳಲೆಂದು, ಮೊದಲಿಗಿಂತ ಜೋರಾಗಿ ಹೇಳಿದಳು.