ಹೊಳೆಯ ಎಚ್ಚರಿಕೆ ತಡವಾದ ಮೇಲೆ

ಎಚ್ಚರಿಕೆ ತಡವಾದದ್ದು ತಾನು ಬರೆದ ಕಂಪ್ಯೂಟರ್ ಸ್ಕ್ರಿಪ್ಟಿನಿಂದ ಎಂದು ಅವಳಿಗೆ ಗೊತ್ತಾದಾಗ ಅವನು ಆಸ್ಪತ್ರೆಯಲ್ಲಿದ್ದ, ತನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ಹಾಸಿಗೆಯ ಪಕ್ಕದಲ್ಲಿ.

ಪ್ರವಾಹದ ಮುನ್ನೆಚ್ಚರಿಕೆ ಕೊಡುವ ಆಫೀಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಟೇಬಲ್ಲು. ಹೊಳೆಯ ಮಟ್ಟವನ್ನು ಒಂದು ಫೈಲಿಗೆ ಬರೆಯುತ್ತ ಹೋಗುವ ಸ್ಕ್ರಿಪ್ಟ್ ಅವಳದು. ಅದೇ ಫೈಲನ್ನು ಓದಿ, ನೀರು ಏರಿದರೆ ದಡದ ಮನೆಗಳಿಗೆ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ಅವನದು. ಆ ಬೆಳಿಗ್ಗೆ ಅವಳದು ಫೈಲನ್ನು ಬೇರೆ ಯಾವುದೂ ತೆರೆಯದಂತೆ ಲಾಕ್ ಮಾಡಿ, ಬಿಡದೆ ಕೆಟ್ಟು ನಿಂತಿತ್ತು. ಅವನದು ಫೈಲಿಗಾಗಿ ಕಾಯುತ್ತ ಕೂತಿತು. ಹೊಳೆ ಕಾಯಲಿಲ್ಲ. ದಡದ ಮನೆಯಲ್ಲಿ ಒಬ್ಬರೇ ಇದ್ದ ದೊಡ್ಡಮ್ಮ ಪಕ್ಕದ ಮನೆಯವರು ಬರುವ ತನಕ ಸೊಂಟದ ಮಟ್ಟದ ನೀರಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದರಂತೆ.

ದೊಡ್ಡಮ್ಮ ಚೇತರಿಸಿಕೊಂಡು ಮನೆಗೆ ಹೋದ ಮೇಲೆ ಅವನು ಕೆಲಸಕ್ಕೆ ಮರಳಿದ. ವಿಷಯ ತಿಳಿದಿದ್ದರೂ ಬೈಯಲಿಲ್ಲ, ಏನೂ ಕೇಳಲಿಲ್ಲ. ಮೊದಲೆಲ್ಲ ಮಾನಿಟರಿನ ಅಂಚಿನಿಂದ ಅವಳನ್ನು ಕದ್ದು ನೋಡಿ, ಸಿಕ್ಕಿಬಿದ್ದರೆ ಕನ್ನಡಕ ಒರೆಸುವ ನೆಪ ಮಾಡುತ್ತಿದ್ದವನು ಈಗ ಇತ್ತ ತಿರುಗುತ್ತಲೇ ಇರಲಿಲ್ಲ. ಕೊನೆಗೆ ಅವಳೇ ಕುರ್ಚಿ ಎಳೆದುಕೊಂಡು ಹೋಗಿ ಅವನ ಪಕ್ಕ ಕೂತಳು.

“ಎರಡು ಮಾತು ಬೈದ್ಬಿಡಿ. ಹೀಗೆ ಸುಮ್ಮನಿರ್ಬೇಡಿ.”

“ಸಿಟ್ಟಿಲ್ಲ ನಂಗೆ,” ಎಂದ ಅವನು, ಕೀಬೋರ್ಡನ್ನೇ ನೋಡುತ್ತ. “ಫೈಲ್ ಸಿಗದಿದ್ರೆ ಏನು ಮಾಡ್ಬೇಕು ಅಂತ ನಾನೂ ಬರೆದಿರ್ಲಿಲ್ಲ. ನೀವು ಅತ್ತಿದ್ದೀರಿ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಅದನ್ನ ನೋಡೋಕಾಗಲ್ಲ.”

ಅಂದಿನಿಂದ ಜೊತೆಯಲ್ಲೇ ಕೂತು ಕೆಲಸ ಮಾಡಿದರು. ಆ ಫೈಲನ್ನೇ ಕೈಬಿಟ್ಟು, ನಡುವೆ ಒಂದು ಪುಟ್ಟ ಡೇಟಾಬೇಸ್ ಇಟ್ಟರು. ಅವಳ ಸ್ಕ್ರಿಪ್ಟ್ ಬರೆಯುತ್ತಿರುವಾಗಲೂ ಅವನದು ಓದಬಹುದಿತ್ತು. ಬರಹ ಅರ್ಧಕ್ಕೇ ನಿಂತರೆ ಹಿಂದಿನ ಅಂಕಿಗಳು ಹಾಗೇ ಉಳಿಯುತ್ತಿದ್ದವು. ಹೊಸ ಅಂಕಿ ಬಾರದಿದ್ದರೆ ತಮ್ಮಿಬ್ಬರ ಫೋನೂ ಕೂಗಬೇಕೆಂದು ಅವಳು ಹಟ ಹಿಡಿದಳು. ಎಂಟರ್ ಕೀಯನ್ನು ಅಷ್ಟು ಜೋರಾಗಿ ಒತ್ತಿದರೆ ಡೇಟಾಬೇಸ್ ಹೆದರಿಕೊಳ್ಳುತ್ತದೆ ಎಂದು ಅವನು ಛೇಡಿಸಿದ. ಅವಳು ನಕ್ಕಳು. ನಕ್ಕದ್ದಕ್ಕೆ ತನಗೇ ನಾಚಿಕೆಯಾಗಿ ತಲೆ ತಗ್ಗಿಸಿದಳು.

ಮುಂದೊಂದು ಮಧ್ಯಾಹ್ನ ಹೊಳೆ ಮತ್ತೆ ಏರಿತು. ನೀರು ಅಂಗಳ ಮುಟ್ಟುವ ಮೊದಲೇ ಮೆಸೇಜುಗಳು ಹೋದವು. ಪಕ್ಕದ ಮನೆಯ ಮಹಡಿ ಸೇರಿಕೊಂಡೆ ಎಂದು ದೊಡ್ಡಮ್ಮ ಫೋನ್ ಮಾಡಿದರು. ಅವನು ಫೋನ್ ಇಟ್ಟ. ಅವಳು ಅವನ ಕೈ ಹಿಡಿದುಕೊಂಡಳು.

“ಎಲ್ರೂ ನೋಡ್ತಿದ್ದಾರೆ,” ಎಂದ.

“ನೋಡ್ಲಿ.”

ಅವನು ಕೈ ಬಿಡಿಸಿಕೊಳ್ಳಲಿಲ್ಲ. “ದೊಡ್ಡಮ್ಮಂಗೆ ಎಲ್ಲಾ ಹೇಳಿದ್ದೀನಿ. ಫೈಲಿನ ವಿಷಯ. ನೀವಂದ್ರೆ ನಂಗೆ ಪ್ರಾಣ ಅನ್ನೋದನ್ನೂ.”

“ಏನಂದ್ರು?”

“ನನ್ ಹತ್ರ ಯಾಕೋ ಹೇಳ್ತೀಯ, ಅವಳಿಗೆ ಹೇಳು ಅಂದ್ರು.”

ನೀರು ಇಳಿದ ಮೇಲೆ ಇಬ್ಬರೂ ದೊಡ್ಡಮ್ಮನ ಮನೆಗೆ ಹೋದರು. ಗೋಡೆಯ ಮೇಲಿನ ಕೆಸರಿನ ಗುರುತು ನೋಡಿ ಅವಳ ಕಾಲು ಹೊಸ್ತಿಲಲ್ಲೇ ತಡೆಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಕ್ಷಮೆಯ ಮಾತು ಆಡಲು ಹೊರಟಳು. ದೊಡ್ಡಮ್ಮ ಒದ್ದೆ ಹಾಸಿಗೆಯ ಒಂದು ತುದಿಯನ್ನು ಅವಳ ಕೈಗಿಟ್ಟರು.

“ಬಾಮ್ಮ, ಹಿಡ್ಕೋ. ಬಿಸಿಲು ಇರೋವಾಗ್ಲೇ ಹೊರಗೆ ಹಾಕೋಣ.”