ಕಾವಲಿಗೆ ಇಟ್ಟವನು

“ಆ ಫೋನು ಒಲೆಗೆ ಬಿದ್ರೆ ಹೂವಯ್ಯ, ಅದರ ಹಿಂದೆ ನಿನ್ನ ಕೈನೂ ಹೋಗುತ್ತೆ. ನಾನೇ ತಳ್ತೀನಿ.”

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಬಚ್ಚಲ ಒಲೆ ಧಗಧಗ ಉರಿಯುತ್ತಿತ್ತು. ಹೂವಯ್ಯನ ಬಲಗೈಯಲ್ಲಿ ಮಗಳ ಫೋನು. ಎಡಗೈಯಲ್ಲಿ ಮಗಳ ಜಡೆ! ಒಂಬತ್ತನೇ ಕ್ಲಾಸಿನ ಹುಡುಗಿ ಸ್ಪಂದನಾ ನೆಲಕ್ಕೆ ಕುಸಿದು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದವರ ಮುಖ ಅದು.

“ನನ್ನ ಮನೆ, ನನ್ನ ಮಗಳು. ನೀ ಯಾರೇ ಕೇಳೋಕೆ?” ಎಂದ.

“ನಿನ್ನ ಹೆಂಡ್ತಿ ಕರೆಸಿದ ಡ್ರೈವರ್ರು. ಜಡೆ ಬಿಡು.”

ಬಿಡಲಿಲ್ಲ.

ನನ್ನ ಸಿಟ್ಟಿಗೂ ನನಗೂ ಮೊದಲಿನಿಂದ ಆಗಿ ಬರುವುದಿಲ್ಲ... ಅದು ಮುಂದೆ, ನಾನು ಹಿಂದೆ. ಒಲೆ ಪಕ್ಕದ ಸೌದೆ ಎತ್ತಿ ಅವನ ಮುಂಗೈಗೆ ಒಂದು ಬಿಟ್ಟೆ. ಫೋನು ಹಂಡೆಗೆ ಬಡಿದು ನನ್ನ ಕಾಲ ಬುಡಕ್ಕೆ ಉರುಳಿತು. ಗಾಜು ಸೀಳಿತ್ತು. ಜೀವ ಇತ್ತು.

ಅಷ್ಟು ಸಾಕಿತ್ತು.

ನನ್ನ ಹೆಸರು ಮಾಸ್ತಮ್ಮ. ಹುಟ್ಟಿದ್ದು ಹೊನ್ನೆಮರಡು ಕಡೆ, ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು, ಇರುವುದು ಸಾಗರದಲ್ಲಿ. ಸ್ವಂತ ಜೀಪಿದೆ. ಬಾಡಿಗೆಗೆ ಅಂತ ಬೋರ್ಡು ಹಾಕಿದ್ದೇನೆ, ಕಸುಬು ಬೇರೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ನಾಚುವ ಮನೆಗಳ ಗಲಾಟೆಯನ್ನು ಹಿಂಬಾಗಿಲಿಂದ ಹೋಗಿ ಮುಗಿಸಿ ಬರುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಮರ್ಯಾದೆ ಜಾಸ್ತಿ. ಹಾಗಾಗಿ ನನಗೆ ಕೆಲಸವೂ ಜಾಸ್ತಿ.

ಹೂವಯ್ಯನದು ಅಂಥದ್ದೇ ಮನೆ. ಮಾಸ್ತಿಕಟ್ಟೆ ರಸ್ತೆಯಲ್ಲಿ ಹೊಸ ಆರ್‌ಸಿಸಿ ಕಟ್ಟಡ. ಹೊಸನಗರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಊರಿನ ಸಂಘಗಳಿಗೆಲ್ಲ ಅವನೇ ಅಧ್ಯಕ್ಷ. ಊರಿನ ವಾಟ್ಸಾಪ್ ಗ್ರೂಪಿಗೂ ಅವನೇ ಅಡ್ಮಿನ್.

ಆ ಗ್ರೂಪೇ ಈಗ ಕುತ್ತಿಗೆಗೆ ಬಂದಿತ್ತು!

ಅವನ ಹೆಂಡತಿ ವರದಮ್ಮ ಬೆಳಿಗ್ಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಇಷ್ಟು. ಮಗಳಿಗೆ ಗೇಮ್ ಆಡುವಾಗ ಒಬ್ಬಳು ಗೆಳತಿ ಸಿಕ್ಕಿದ್ದಾಳೆ. ಹೆಸರು ಬಿಂದು. ತೀರ್ಥಹಳ್ಳಿಯಲ್ಲಿ ಹತ್ತನೇ ಕ್ಲಾಸಂತೆ. ತಿಂಗಳುಗಟ್ಟಲೆ ಹರಟೆ. ಹಬ್ಬದ ದಿನ ಒಂದು ಫೋಟೋ ಕೇಳಿದಳು. ಸ್ಪಂದನಾ ಲಂಗ ದಾವಣಿಯಲ್ಲಿದ್ದ ಫೋಟೋ ಕಳಿಸಿದಳು. ವಾಪಸು ಬಂದ ಫೋಟೋದಲ್ಲಿ ಮುಖ ಮಾತ್ರ ಇವಳದ್ದು...

ಉಳಿದದ್ದನ್ನು ಯಾವುದೋ ಆ್ಯಪ್ ಸೇರಿಸಿತ್ತು.

ಇವತ್ತು ಸಂಜೆ ಸ್ಪಂದನಾ ಒಬ್ಬಳೇ ಹುಲಿಕಲ್ ಬಸ್ ಸ್ಟಾಪಿಗೆ ಬರಬೇಕಂತೆ. ಬರದಿದ್ದರೆ ಆ ಫೋಟೋ ಅಪ್ಪನ ಗ್ರೂಪಿಗೆ ಹೋಗುತ್ತದಂತೆ!

ನಾನು ಸಾಗರದಿಂದ ಬರುವಷ್ಟರಲ್ಲಿ ವರದಮ್ಮ ಗಂಡನಿಗೂ ಹೇಳಿದ್ದಳು. ಅವನು ಮಾಡಿದ ಮೊದಲ ಕೆಲಸ ಸಾಕ್ಷಿ ಸುಡುವುದು. ಎರಡನೆಯದು ಮಗಳ ಜಡೆ ಹಿಡಿಯುವುದು. ಬೆದರಿಸಿದವನು ಯಾರು ಅನ್ನುವ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ.

ಹುಡುಗಿಯನ್ನು ಎಬ್ಬಿಸಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಬಾಗಿಲು ಹಾಕಿದೆ. ಯಾಕೆ ಕಳಿಸಿದೆ, ಬುದ್ಧಿ ಇಲ್ಲವಾ ಅಂತ ಕೇಳಲಿಲ್ಲ. ಅದನ್ನು ಕೇಳಲು ಮನೆ ತುಂಬ ಜನರಿದ್ದರು. ಈ ಬಿಂದುವಿನಲ್ಲಿ ಏನಾದರೂ ವಿಚಿತ್ರ ಕಂಡಿತ್ತಾ, ಹೇಳು ಎಂದೆ.

ಕೆದರಿದ ಜಡೆಯನ್ನು ಹಿಂದಕ್ಕೆ ಸರಿಸಿಕೊಂಡಳು.

“ಕರೆಂಟ್ ಹೋದ್ರೆ ಅವಳೂ ಹೋಗ್ತಾಳೆ ಆಂಟಿ.”

“ಎಂತ ಹಾಗಂದ್ರೆ?”

“ನಮ್ಮಲ್ಲಿ ಕರೆಂಟ್ ಹೋದ್ರೆ ಟವರ್ ಸಾಯ್ತದಲ್ಲ. ನಮ್ಮನೆಗೆ ವೈರಿನ ನೆಟ್ಟು, ಇನ್ವರ್ಟರ್ ಬೇರೆ ಇದೆ. ನಂಗೆ ತೊಂದ್ರೆ ಇಲ್ಲ. ಆದ್ರೆ ಬಿಂದು ಮಾತು ನಿಂತು ಹೋಗ್ತದೆ. ಕರೆಂಟ್ ಬಂದ್ಮೇಲೆ ಬರ್ತಾಳೆ. ಯಾವಾಗ್ಲೂ ಹಂಗೇ.”



ಮಾಸ್ತಿಕಟ್ಟೆಯ ಟವರಿಗೆ ಡೀಸೆಲ್ ಹಾಕುವವರೇ ಇಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಅದೂ ಮಲಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಆದರೆ ಇಲ್ಲಿ ಕರೆಂಟ್ ಹೋದರೆ ತೀರ್ಥಹಳ್ಳಿಯ ಹುಡುಗಿಯ ಬಾಯಿ ಯಾಕೆ ಕಟ್ಟಬೇಕು?

ಬಿಂದು ತೀರ್ಥಹಳ್ಳಿಯವಳಲ್ಲ. ಬಿಂದು ಇದೇ ಟವರಿನ ಕೆಳಗಿದ್ದಾಳೆ... ಇದ್ದಾನೆ!

“ಇನ್ನೊಂದು,” ಎಂದಳು ಸ್ಪಂದನಾ. “ನಾನು ಅವಳಿಗೆ ಹೇಳದೇ ಇದ್ದಿದ್ದೂ ಅವಳಿಗೆ ಗೊತ್ತಿರ್ತದೆ. ಬೇರೆಯವರಿಗೆ ಬರೆದು ಅಳಿಸಿದ್ದು ಸಹ.”

ಈ ಎರಡು ಮಾತು ಸಾಕಾಯಿತು. ಮನೆಯವರು ಬಯ್ಯುವ ಮೊದಲು ಕೂರಿಸಿಕೊಂಡು ಕೇಳಿದ್ದರೆ ಅವರಿಗೂ ಸಾಕಾಗುತ್ತಿತ್ತು.

ಒಳಗೆ ಹೋದೆ. ಹೂವಯ್ಯ ಮುಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಈ ಫೋನಿಗೆ ಏನೇನು ಹಾಕಿಸಿದ್ದೀಯ, ಯಾರ ಕೈಯಲ್ಲಿ ಹಾಕಿಸಿದ್ದೀಯ ಎಂದು ಕೇಳಿದೆ. ಅವನಿಗೆ ಒಂಥರಾ ಹೆಮ್ಮೆ. ಮಗಳ ಮೇಲೆ ಕಣ್ಣಿಡಲು ಒಂದು ಆ್ಯಪ್ ಹಾಕಿಸಿದ್ದನಂತೆ. ಅವಳು ಏನು ಬರೆದರೂ, ಎಲ್ಲಿ ಹೋದರೂ ಗೊತ್ತಾಗುತ್ತದಂತೆ. ಮಾಸ್ತಿಕಟ್ಟೆಯ ಮೊಬೈಲ್ ಅಂಗಡಿ ಪೂರ್ಣೇಶ್ ಹಾಕಿಕೊಟ್ಟಿದ್ದಂತೆ. ಇವನೊಬ್ಬನಿಗೇ ಅಲ್ಲ, ಊರಿನ ಅರ್ಧ ಅಪ್ಪಂದಿರಿಗೆ!

“ನೀನು ಅದನ್ನ ನೋಡ್ತಿದ್ದೆಯಾ?”

“ನಂಗೆಲ್ಲಿ ಬರ್ತದೆ ಮಾರಾಯ್ತಿ ಅದೆಲ್ಲ? ಪೂರ್ಣೇಶನೇ ನೋಡ್ತಿದ್ದ. ಏನಾದ್ರೂ ಹೆಚ್ಚುಕಮ್ಮಿ ಇದ್ರೆ ಹೇಳ್ತೀನಿ ಅಂದಿದ್ದ.”

ಹೇಳಿ... ಕೋಳಿಗೂಡಿನ ಬೀಗದ ಕೈಯನ್ನು ನರಿಗೆ ಕೊಟ್ಟು, ಮೊಟ್ಟೆ ಎಣಿಸು ಎಂದವನಿಗೆ ಏನು ಹೇಳುವುದು?

ಬಯ್ಯಲು ಪುರುಸೊತ್ತಿರಲಿಲ್ಲ. ವರದಮ್ಮನಿಗೆ ಒಂದು ಕೆಲಸ ಹೇಳಿದೆ. ನನ್ನ ಮಿಸ್ಡ್ ಕಾಲ್ ಬಂದ ಕೂಡಲೇ ಸ್ಪಂದನಾ ಬಿಂದುವಿಗೆ ‘ಬರ್ತೀನಿ’ ಎಂದು ಮೆಸೇಜು ಹಾಕಬೇಕು. ಒಂದೇ ಒಂದು ಮಾತು. ಅಲ್ಲಿಯವರೆಗೆ ಏನನ್ನೂ ಅಳಿಸಬಾರದು. ಹೂವಯ್ಯ ಫೋನು ಮುಟ್ಟಬಾರದು.

ವರದಮ್ಮ ತಲೆಯಾಡಿಸಿದಳು. ಸ್ಪಂದನಾಳನ್ನು ಇಳಿಸಿ, ಒಡೆದ ಫೋನು ಅವಳ ಕೈಗಿಟ್ಟು ನಾನು ಜೀಪು ಹತ್ತಿದೆ.

ಪೂರ್ಣೇಶನ ಅಂಗಡಿ ಸಣ್ಣದು, ಚೊಕ್ಕಟ. ಅವನೂ ಹಾಗೇ. ಇಸ್ತ್ರಿ ಅಂಗಿ, ಹಣೆಗೆ ಕುಂಕುಮ. ನನ್ನನ್ನು ನೋಡಿದ್ದೇ ಎದ್ದು ನಿಂತು ಸ್ಟೂಲು ಕೊಟ್ಟ. ಅಕ್ಕ ಅಂದ. ನಗು ಬೇರೆ. ಶೋಕೇಸಿನ ಗಾಜಿನ ಮೇಲೆ ಅವನ ಸ್ವಂತ ಫೋನು ಮಲಗಿತ್ತು. ನನ್ನ ಅಕ್ಕನ ಮೊಮ್ಮಗಳ ಫೋನಿಗೆ ಕಾವಲು ಹಾಕಿಸಬೇಕಿತ್ತು ಎಂದೆ.

“ಹಾಕೋಣ ಅಕ್ಕ. ಈಗಿನ ಮಕ್ಕಳನ್ನ ನಂಬೋಕಾಗುತ್ತಾ?”

ಕಿಸೆಯೊಳಗೇ ಬಟನ್ ಒತ್ತಿ ವರದಮ್ಮನಿಗೆ ಮಿಸ್ಡ್ ಕಾಲ್ ಕೊಟ್ಟೆ. ಕಾದೆ.

ಗಾಜಿನ ಮೇಲಿನ ಫೋನು ಅಲುಗಾಡಲಿಲ್ಲ.

ಅವನ ಮೊಣಕಾಲ ಹತ್ತಿರದ ಡ್ರಾಯರ್ ಗುರ್ರ್ ಎಂದಿತು!

ಇಬ್ಬರೂ ಡ್ರಾಯರ್ ನೋಡಿದೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿದೆವು.

“ತೆಗೀ ಬಿಂದು,” ಎಂದೆ. “ಸ್ಪಂದನಾ ಮೆಸೇಜು ಬಂದಿದೆ.”

ನಗು ಮಾಯ. ಅವನು ತಳ್ಳಿದ ಗಾಜಿನ ಶೋಕೇಸು ನನ್ನ ಮೇಲೆ ಬಿತ್ತು. ಫೋನಿನ ಕವರು, ಚಾರ್ಜರು, ಗಾಜಿನ ಚೂರು... ನಾನು ಎದ್ದು ಹಣೆಯ ರಕ್ತ ಒರೆಸಿಕೊಳ್ಳುವಷ್ಟರಲ್ಲಿ ಹಿಂಬಾಗಿಲ ಕಡೆ ಬೈಕ್ ಗುಡುಗಿತು. ಡ್ರಾಯರ್ ಖಾಲಿ.

ಅವನು ಹೊಸನಗರದ ಕಡೆ ತಿರುಗಲಿಲ್ಲ. ಹುಲಿಕಲ್ ಕಡೆ. ಘಾಟಿ ಇಳಿದು ಕುಂದಾಪುರ ಸೇರಿದರೆ ಫೋನು ಸಮುದ್ರಕ್ಕೆ, ಅವನು ಬಸ್ಸಿಗೆ!

ಜೀಪು ನನ್ನ ಹಾಗೇ, ಹಳೆಯದು, ಆದರೆ ಮುಂಗೋಪಿ. ಮೂರನೇ ಗೇರಿನಲ್ಲಿ ಬೊಬ್ಬೆ ಹೊಡೆಯುತ್ತಾ ಹೊರಟಿತು. ಒಂದು ತಿರುವು. ಅವನ ಬಿಳಿ ಅಂಗಿ ಕಂಡಿತು. ಇನ್ನೊಂದು ತಿರುವು. ಎದುರಿಗೆ ಸರ್ಕಾರಿ ಬಸ್ಸು! ಎಡಗಡೆ ಚರಂಡಿಗೆ ಎರಡು ಚಕ್ರ ಇಳಿಸಿ ಪಾರಾದೆ. ಬಸ್ಸಿನ ಡ್ರೈವರ್ ನನ್ನ ತಾಯಿಯನ್ನು ನೆನಪಿಸಿಕೊಂಡ. ನಿಲ್ಲಿಸಿ ಉತ್ತರ ಕೊಡುವ ಆಸೆ ಇತ್ತು, ಸಮಯ ಇರಲಿಲ್ಲ.

ಬೈಕು ದೂರವಾಗುತ್ತಿತ್ತು. ಜೀಪಿನಲ್ಲಿ ಬೈಕನ್ನು ಘಾಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹುಲಿಕಲ್ಲಿನ ಗುಡಿ ಬಂತು. ಘಾಟಿ ಇಳಿಯುವ ಮೊದಲು ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುತ್ತವೆ. ಅಮ್ಮನವರಿಗೆ ಕೈ ಮುಗಿಯದೆ ಇಳಿದವನು ಕೆಳಗೆ ತಲುಪುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ. ಬೈಕಿಗೆ ಹೊಸ ಟೈರು ಹಾಕಿಸದವರೂ ಅಲ್ಲಿ ಕಾಯಿ ಒಡೆಸುತ್ತಾರೆ.

ಪೂರ್ಣೇಶ್ ಇದೇ ಊರಿನವನು.

ಬ್ರೇಕ್ ಹಾಕಿದ!

ಹಿಂದೆ ಜೀಪು ಬರುತ್ತಿದೆ, ಕಿಸೆಯಲ್ಲಿ ಊರಿನ ಮಕ್ಕಳ ಮಾನ ಇದೆ, ಜೈಲು ಬೆನ್ನಿಗೆ ಬಿದ್ದಿದೆ... ಆದರೂ ಒಂದು ಕಾಲು ನೆಲಕ್ಕೆ ಊರಿ, ಕೈ ಎದೆಗೆ ಮುಟ್ಟಿಸಿ, ಕಣ್ಣು ಮುಚ್ಚಿದ. ಹುಡುಗಿಯನ್ನು ಹೆದರಿಸುವಾಗ ಇಲ್ಲದ ದೇವಿ ತಿರುವು ಕಂಡಾಗ ನೆನಪಾದಳು.

ಕಣ್ಣು ಬಿಡುವ ಮೊದಲೇ ನನ್ನ ಬಂಪರ್ ಅವನ ಹಿಂದಿನ ಚಕ್ರಕ್ಕೆ ಮುಟ್ಟಿತು.

ಬೈಕು ಒಂದು ಕಡೆ, ಅವನು ಒಂದು ಕಡೆ. ಜ್ಯಾಕ್ ರಾಡು ಹಿಡಿದು ಇಳಿದೆ. ಅವನು ಮೋರಿ ಕಟ್ಟೆಗೆ ಒರಗಿಕೊಂಡು ಆ ಫೋನನ್ನು ಎತ್ತಿ ಹಿಡಿದಿದ್ದ.

“ಹತ್ರ ಬರಬೇಡ. ಒಂದು ಬೆರಳು ಒತ್ತಿದ್ರೆ ಗ್ರೂಪಿಗೆ ಹೋಗ್ತದೆ.”

“ಒತ್ತು. ಇಲ್ಲಿ ಸಿಗ್ನಲ್ ಎಲ್ಲಿದೆ ಮಾರಾಯ?”

ಅವನ ಕಣ್ಣು ಪರದೆಗೆ ಇಳಿಯಿತು. ನನಗೆ ಅಷ್ಟೇ ಬೇಕಿತ್ತು. ರಾಡು ಅವನ ಮಣಿಕಟ್ಟಿಗೆ ಬಿತ್ತು. ಫೋನು ನನ್ನ ಕೈಗೆ ಬಂತು. ಸ್ವಿಚ್ ಆಫ್ ಮಾಡಿ ರವಿಕೆಯೊಳಗೆ ಇಳಿಸಿದೆ.

ಘಾಟಿ ಹತ್ತಿ ಬಂದ ಲಾರಿಯವರು ಸುತ್ತ ನೆರೆದರು. ಅವರಲ್ಲೊಬ್ಬ ನನಗೆ ಪರಿಚಯದ ಮಂಜುನಾಥಪ್ಪ. ವಿಷಯ ಹೇಳಿದೆ. ಅವನಿಗೂ ಓದುವ ಮಗಳಿದ್ದಾಳೆ. ಪೂರ್ಣೇಶನ ಕಾಲರ್ ಹಿಡಿದು ಲಾರಿಯ ಕ್ಯಾಬಿನ್ನಿನಲ್ಲಿ ತನ್ನ ಮತ್ತು ಕ್ಲೀನರನ ನಡುವೆ ಕೂರಿಸಿಕೊಂಡ. ಹೊಸನಗರ ಠಾಣೆಗೆ ಬಿಡುತ್ತೇನೆ, ನೀನು ಹುಡುಗಿಯ ಮನೆಯವರನ್ನು ಕರೆದುಕೊಂಡು ಬಾ ಎಂದ.

ಪೂರ್ಣೇಶ್ ಕಿಟಕಿಯಿಂದ ನನ್ನನ್ನು ನೋಡಿ ನಕ್ಕ. ತುಟಿ ಒಡೆದಿತ್ತು, ಆದರೂ ನಕ್ಕ.

“ಹೂವಯ್ಯ ಕಂಪ್ಲೇಂಟ್ ಕೊಡಲ್ಲ ಅಕ್ಕ. ಈ ಊರಲ್ಲಿ ಯಾವ ಅಪ್ಪನೂ ಕೊಡಲ್ಲ. ಆ ಧೈರ್ಯದ ಮೇಲೇ ನಾ ಅಂಗಡಿ ಇಟ್ಟಿದ್ದು.”

ರಾಡಿನ ಏಟಿಗಿಂತ ಜೋರಾಗಿ ಬಿತ್ತು ಆ ಮಾತು. ಯಾಕೆಂದರೆ ನಿಜ. ನಾನು ಜೀಪು ಇಟ್ಟಿರುವುದೂ ಅದರ ಮೇಲೆಯೇ.

ಹೂವಯ್ಯನ ಮನೆಗೆ ಬಂದು ಎಲ್ಲ ಹೇಳಿದೆ. ಅವನ ಮುಖ ಬೂದಿಯಾಯಿತು. ಆಮೇಲೆ ಕೆಂಪಾಯಿತು. ಆಮೇಲೆ... ವ್ಯಾಪಾರಿಯ ಮುಖವಾಯಿತು. ಠಾಣೆ ಮಾತ್ರ ಬೇಡ ಎಂದ. ಅವನ ಕೈಕಾಲು ಮುರಿ, ಊರು ಬಿಡಿಸು, ಫೋನು ಸುಡು ಎಂದ. ಕೇಸಾದರೆ ಮಗಳ ಹೆಸರು ಬೀದಿಗೆ ಬರುತ್ತದೆ ಎಂದ.

ಇಂಥ ಕೇಸಿನಲ್ಲಿ ಮಗುವಿನ ಹೆಸರು ಯಾರೂ ಹೊರಗೆ ಹಾಕುವಂತಿಲ್ಲ, ಕಾನೂನೇ ಇದೆ ಎಂದೆ. ಕಂಪ್ಲೇಂಟ್ ಇಲ್ಲದಿದ್ದರೆ ಸಂಜೆಗೆ ಪೂರ್ಣೇಶ್ ಮತ್ತೆ ಅಂಗಡಿ ತೆಗೆಯುತ್ತಾನೆ ಎಂದೆ. ನಿನ್ನ ಹಾಗೆ ಅವನ ಕೈಗೆ ಫೋನು ಕೊಟ್ಟ ಬೇರೆ ಅಪ್ಪಂದಿರೂ ಇದ್ದಾರೆ, ಅವರ ಮಕ್ಕಳೂ ಇದ್ದಾರೆ ಎಂದೆ.

“ಬೇರೆಯವ್ರ ಮಕ್ಕಳು ನಂಗೆಂತಕ್ಕೆ? ಇವಳನ್ನ ನಾಳೆಯಿಂದ ಶಾಲೆ ಬಿಡಿಸ್ತೀನಿ. ಫೋನೂ ಇಲ್ಲ, ಶಾಲೆನೂ ಇಲ್ಲ. ಮುಗೀತು.”

ಸ್ಪಂದನಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. “ಅಪ್ಪಯ್ಯ, ನಾನೇ ಹೇಳ್ತೀನಿ ಪೊಲೀಸ್ರಿಗೆ,” ಎಂದಳು. ಅವನು ಕೈ ಎತ್ತಿದ.

ಅದುವರೆಗೆ ಬಾಗಿಲಲ್ಲೇ ನಿಂತಿದ್ದ ವರದಮ್ಮ ನಡುವೆ ಬಂದಳು. ಎತ್ತಿದ ಕೈ ಹಾಗೇ ನಿಂತಿತು. ಅವಳು ಅವನನ್ನು ನೋಡಲೂ ಇಲ್ಲ. ಒಳಗೆ ಹೋಗಿ ಮಗಳ ಶಾಲೆ ಚೀಲ ತಂದಳು. ಯೂನಿಫಾರಂ ಮಡಚಿ ಅದರೊಳಗೆ ತುರುಕಿದಳು. ಒಡೆದ ಫೋನನ್ನು ಸೆರಗಿಗೆ ಕಟ್ಟಿಕೊಂಡಳು. ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಎಂದ ಹೂವಯ್ಯ.

“ಠಾಣೆಗೆ.”

“ಈ ಹೊಸ್ತಿಲು ದಾಟಿದ್ರೆ ವಾಪಸ್ ಬರಬೇಡ.”

ಅವಳು ಮಗಳ ಕೈ ಹಿಡಿದು ಅಂಗಳ ದಾಟಿದಳು. ರಸ್ತೆಗೆ ಇಳಿದ ಮೇಲೆ ಒಂದು ಸಲ ಹಿಂತಿರುಗಿದಳು. ದನಿ ಎತ್ತರಿಸಲಿಲ್ಲ.

“ಗೇಟು ಹಾಕ್ಕೊಳ್ಳಿ. ದನ ನುಗ್ತಾವೆ.”

ಜೀಪು ಹತ್ತಿದಳು. ಹೊಸನಗರದ ಕಡೆ ತಿರುಗಿಸಿದೆ.

ಪೂರ್ಣೇಶ್ ಇನ್ನೂ ಜೈಲಿನಲ್ಲಿದ್ದಾನೆ. ವರದಮ್ಮ ಕಂಪ್ಲೇಂಟಿಗೆ ಸಹಿ ಹಾಕಿದ್ದು ಕೇಳಿ ಇನ್ನೂ ನಾಲ್ವರು ತಾಯಂದಿರು ಬಂದು ಹಾಕಿದರು. ಅಪ್ಪಂದಿರು ಹೊರಗೆ ಗಾಡಿ ಕಾಯುತ್ತಿದ್ದರು. ತಾಯಿ, ಮಗಳು ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಸ್ಪಂದನಾ ಈಗ ಹತ್ತನೇ ಕ್ಲಾಸು.

ಹೂವಯ್ಯ ಎರಡು ಸಲ ನನಗೆ ಫೋನು ಮಾಡಿದ. ಹೆಂಡತಿಯನ್ನು ಸದ್ದಿಲ್ಲದೆ ಕರೆದುಕೊಂಡು ಬಂದು ಬಿಡು, ಊರಿಗೆ ಗೊತ್ತಾಗುವುದು ಬೇಡ ಎಂದ. ಆ ಕಸುಬು ಬಿಟ್ಟಿದ್ದೇನೆ ಎಂದೆ.

ಯಾರಾದರೂ ಬಂದಾರು ಅಂತ ಅವನು ಈಗ ಗೇಟು ಹಾಕುವುದೇ ಇಲ್ಲವಂತೆ. ಬರುತ್ತವೆ... ದನ.