ದುಗ್ಗಜಟ್ಟಿಯ ಬೆನ್ನಿಗೆ ಮಣ್ಣು ಹತ್ತಿದ್ದು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಬೆಣಚೂರು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ದುಗ್ಗಜಟ್ಟಿ ಎಂಬ ಮುಷ್ಟಿಮಲ್ಲನಿದ್ದ. ಅವನ ತೋಳು ಒನಕೆಯಷ್ಟು, ಮುಷ್ಟಿ ತೆಂಗಿನಕಾಯಿಯಷ್ಟು. ಮೂವತ್ತು ವರ್ಷ ಅಖಾಡಕ್ಕೆ ಇಳಿದ, ಮೂವತ್ತು ವರ್ಷವೂ ಗೆದ್ದ. ಈಗ ಅವನಿಗೆ ಐವತ್ತು ದಾಟಿತ್ತು. ಮೆಟ್ಟಿಲು ಹತ್ತಿದರೆ ಮಂಡಿ ಲಟಲಟ ಎನ್ನುತ್ತಿತ್ತು. ಆದರೆ ಊಟಕ್ಕೆ ಕೂತರೆ ಮಾತ್ರ ಇನ್ನೂ ಇಪ್ಪತ್ತರ ಹುಡುಗನೇ.

ಆ ರಾಜ್ಯದ ಮುಷ್ಟಿಕಾಳಗಕ್ಕೆ ಒಂದು ಕಟ್ಟಳೆಯಿತ್ತು. ಬೆನ್ನು ಮಣ್ಣಿಗೆ ತಾಗಿದವನು ಸೋತ. ಆದರೆ ಅವನು ಸೋತನೆಂದು ರಾಜ ಹೇಳುವಂತಿಲ್ಲ, ಜನ ಕೂಗುವಂತಿಲ್ಲ. ಸೋತವನೇ ಸೂರ್ಯ ಮುಳುಗುವ ಮೊದಲು ಅಖಾಡದ ಕೆಮ್ಮಣ್ಣನ್ನು ಹಿಡಿ ತುಂಬ ಎತ್ತಿಕೊಂಡು, ಗೆದ್ದವನ ಹೆಗಲಿಗೆ ಹಚ್ಚಿ, ‘ಗೆದ್ದವನು ನೀನು’ ಎನ್ನಬೇಕು. ಹೇಳದಿದ್ದರೆ ಆ ಕಾಳಗ ನಡೆದೇ ಇಲ್ಲ ಎಂದು ಅರ್ಥ.

ಬೆಟ್ಟದ ಗವಿಯಲ್ಲಿ ಮಸಿಗಣ್ಣ ಎಂಬ ಮಾಯಗಾರನಿದ್ದ. ಅವನು ಬಂದು ಅರ್ಧ ರಾಜ್ಯ ಕೇಳಿದ. ರಾಜ ಕೊಡಲಿಲ್ಲ. ಮಸಿಗಣ್ಣ ಉಫ್ ಎಂದು ಊದಿದ. ರಾಜನ ಒಬ್ಬನೇ ಮಗ ಹೊನ್ನರಸ ನಿಂತಲ್ಲೇ ಕರಡಿಯಾದ, ಬಾಯಿಂದ ಮಾತೂ ಹೋಯಿತು.

ರಾಜ ಕಾಲು ಹಿಡಿದಾಗ ಮಸಿಗಣ್ಣ ನಕ್ಕು ಹೇಳಿದ: “ನಿನ್ನ ಮಗ ನಿನ್ನ ಜಟ್ಟಿಯನ್ನು ನೇರ ಕಾಳಗದಲ್ಲಿ ಗೆದ್ದರೆ ಮನುಷ್ಯನಾಗುತ್ತಾನೆ. ವರ್ಷಕ್ಕೊಂದರಂತೆ ಮೂರು ಕಾಳಗ. ಆದರೆ ಜಟ್ಟಿ ತಾನಾಗಿ ತಿಳಿದು, ತನ್ನ ಬಾಯಿಂದಲೇ ಸೋಲು ಒಪ್ಪಬೇಕು. ಈ ಗುಟ್ಟನ್ನಾಗಲಿ ಸೋಲನ್ನಾಗಲಿ ಯಾರಾದರೂ ಅವನಿಗೆ ಹೇಳಿದರೆ, ನಿನ್ನ ಮಗ ಸಾಯುವ ತನಕ ಕರಡಿಯೇ.”

ಈ ಮಾತು ಕಿವಿಯಿಂದ ಕಿವಿಗೆ ಹೋಗಿ, ಜಟ್ಟಿಯೊಬ್ಬನನ್ನು ಬಿಟ್ಟು ಇಡೀ ಊರಿಗೇ ಗೊತ್ತಾಯಿತು.

ಮೊದಲ ವರ್ಷ ಕರಡಿ ಬಂತು. ಜಟ್ಟಿ ಹೊಡೆದು ಬೀಳಿಸಿದ. ಮಾತಿಲ್ಲದ ಕರಡಿ ಮುಂಗಾಲಲ್ಲಿ ಮಣ್ಣೆತ್ತಿ ಅವನ ಹೆಗಲಿಗೆ ಹಚ್ಚಿ ತಲೆಬಾಗಿತು. ಎರಡನೇ ವರ್ಷವೂ ಬಂತು, ಎರಡನೇ ವರ್ಷವೂ ಬಿತ್ತು. ರಾಜ ಚಿನ್ನದ ಕಡಗ ತೊಡಿಸುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

“ನೋಡಿದ್ಯೇನೇ?” ಎಂದ ಜಟ್ಟಿ ಮನೆಗೆ ಬಂದು. “ನನ್ ಮೇಲೆ ಮಹಾಸ್ವಾಮಿಯವರಿಗೆ ಎಂಥಾ ಪ್ರೀತಿ! ಸಂತೋಷಕ್ಕೆ ಅತ್ತೇಬಿಟ್ರು.”

ಹೆಂಡತಿ ಚೆನ್ನಾಜಮ್ಮ ಸಾರಿಗೆ ಸೌಟು ಹಾಕಿ ತಿರುವಿದಳು. ಪಾಪ, ಇನ್ನೇನು ಮಾಡಿಯಾಳು?

ಮೂರನೇ ವರ್ಷ ಬಂತು. ಅದೇ ಕೊನೆಯದು.

ಜಟ್ಟಿ ಎಡಕ್ಕೆ ಹೊಡೆದ, ಕರಡಿ ತಡೆಯಿತು. ಬಲಕ್ಕೆ ಹೊಡೆದ, ಕರಡಿ ತಡೆಯಿತು. ಜಟ್ಟಿಗೆ ಏದುಸಿರು ಬಂತು. ಮಂಡಿ ಒಂದು ಕ್ಷಣ ಸೋತಿತು. ಅಷ್ಟರಲ್ಲಿ ಕರಡಿಯ ಬಲಗೈ ಕೆಳಗಿನಿಂದ ಎದ್ದು ಅವನ ದವಡೆಗೆ ಬಂದು ಬಡಿಯಿತು. ಮೂವತ್ತು ವರ್ಷ ನಿಂತಿದ್ದ ಮನುಷ್ಯ ಅಕ್ಕಿಮೂಟೆಯಂತೆ ಅಂಗಾತ ಬಿದ್ದ. ಏಳಲಿಲ್ಲ.

ಇಲ್ಲೇ ನೋಡಿ ಎಡವಟ್ಟಾಗಿದ್ದು. ಕಾಳಗ ಮುಗಿದರೆ ಜಟ್ಟಿಯ ಕೊರಳಿಗೆ ಹಾರ ಹಾಕುವುದು ಹೂವಾಡಿಗನಿಗೆ ರೂಢಿ. ಮೂವತ್ತು ವರ್ಷದ ರೂಢಿ ಎಲ್ಲಿಗೆ ಹೋಗುತ್ತದೆ? ಓಡಿಬಂದು ಬಿದ್ದವನ ಕೊರಳಿಗೇ ಹಾರ ಹಾಕಿದ. ಡೋಲಿನವರೂ ಅಷ್ಟೇ, ಕೈ ತನ್ನಷ್ಟಕ್ಕೆ ಜಯದ ಬಡಿತ ಬಾರಿಸಿತು. ಆಮೇಲೆ ಎಲ್ಲರೂ ನಾಲಿಗೆ ಕಚ್ಚಿಕೊಂಡರು.

ಜಟ್ಟಿ ಕಣ್ಣು ಬಿಟ್ಟಾಗ ಆಕಾಶ ಕಂಡಿತು. ಎದ್ದು ಕೂತ. ತಲೆಯೊಳಗೆ ಜೇನುಗೂಡು ಎದ್ದಂತಿತ್ತು.

“ಎಣ್ಣೆ ತನ್ನಿ. ಕಾಳಗ ಯಾವಾಗ ಶುರು?” ಎಂದ.

ಕೊರಳು ಮುಟ್ಟಿಕೊಂಡ. ಹಾರ! “ಹಾಗಾದ್ರೆ ಮುಗೀತಾ? ಗೆದ್ನಾ?” ಎಂದು ರಾಜನನ್ನು ಕೇಳಿದ.

ರಾಜ ಸಿಂಹಾಸನದ ಕೈ ಹಿಡಿದು ಕೂತಿದ್ದ. “ನೀನೇ ಹೇಳಬೇಕು ಜಟ್ಟಿ,” ಎಂದಷ್ಟೇ ಅಂದ.

ಜಟ್ಟಿಗೆ ತಲೆಬುಡ ತಿಳಿಯಲಿಲ್ಲ. ಗೆದ್ದವನು ಕೂರುವ ಕಡೆ ಹೋಗಿ ಕೂತ, ಸೋತವನು ಮಣ್ಣು ತರಲೆಂದು ಕಾದ. ಎದುರಿನ ಮೂಲೆಯಲ್ಲಿ ಕರಡಿಯೂ ಕೂತು ಕಾಯುತ್ತಿತ್ತು. ಇವನು ಅದನ್ನು ನೋಡಿದ, ಅದು ಇವನನ್ನು ನೋಡಿತು. ಸೂರ್ಯ ಕೋಟೆಯ ಗೋಡೆಯತ್ತ ಇಳಿಯುತ್ತಿದ್ದ.

ಆಗ ಕಾಳಗ ನೋಡಲು ಬಂದಿದ್ದ ಮಸಿಗಣ್ಣ ಮೆಲ್ಲಗೆ ಜಟ್ಟಿಯ ಪಕ್ಕಕ್ಕೆ ಬಂದ. ಅಂಗೈಯಿಂದ ಒಂದು ಗಿಳಿಯನ್ನು ಹಾರಿಸಿದ. ಗಿಳಿ ಜಟ್ಟಿಯ ಭುಜದ ಮೇಲೆ ಕೂತು, “ಗೆದ್ದೆ, ಗೆದ್ದೆ, ದುಗ್ಗಜಟ್ಟಿ ಗೆದ್ದೆ!” ಎಂದು ಹಾಡಿತು.

ಜಟ್ಟಿಗೆ ಖುಷಿಯಾಯಿತು. ನಗಲು ಹೋದ, ದವಡೆ ಚಳುಕು ಹೊಡೆಯಿತು. “ಗೆದ್ದಿದ್ರೆ ದವಡೆ ಯಾಕಪ್ಪಾ ಹಿಂಗೆ ನೋಯ್ತದೆ?” ಎಂದ. ಗಿಳಿ ಬಾಯಿ ಮುಚ್ಚಿ ಹೊಗೆಯಾಯಿತು.

ಮಸಿಗಣ್ಣ ಒಂದು ಕನ್ನಡಿ ಹಿಡಿದ. ಕನ್ನಡಿಯಲ್ಲಿ ಜಟ್ಟಿ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ, ಕರಡಿ ಕಾಲಡಿಯಲ್ಲಿ ಬಿದ್ದಿತ್ತು. ಜಟ್ಟಿ ಬಹಳ ಹೊತ್ತು ನೋಡಿದ. ನೋಡುತ್ತಾ ನೋಡುತ್ತಾ ಅವನ ಎದೆ ಉಬ್ಬಿತು. ಆಮೇಲೆ ಹುಬ್ಬು ಗಂಟಿಕ್ಕಿತು.

“ಇವನಿಗೆ ಮುಂದಿನ ಹಲ್ಲಿದೆಯಲ್ಲ. ನನ್ನದು ಬಿದ್ದು ಹತ್ತು ವರ್ಷ ಆಯ್ತು. ತಲೆಯೂ ಕಪ್ಪಗಿದೆ. ಇವನು ಯಾವ ಕಾಲದ ದುಗ್ಗನಯ್ಯಾ?” ಎಂದ. ಕನ್ನಡಿ ಚಟ್ಟೆಂದು ಬಿರುಕು ಬಿಟ್ಟಿತು.

ಸೂರ್ಯ ಗೋಡೆ ಮುಟ್ಟಿದ. ಚೆನ್ನಾಜಮ್ಮ ನೀರಿನ ಬಿಂದಿಗೆ ಹಿಡಿದು ಬಂದಳು. ಕಾಳಗವಾದ ಮೇಲೆ ಗಂಡನ ಮೈ ತೊಳೆಯುವುದು ಅವಳ ಕೆಲಸ. ಎಂದಿನಂತೆ ಎದೆ ತೊಳೆದಳು, ಮಂಡಿ ತೊಳೆದಳು. ಬೆನ್ನಿನ ಸರದಿ ಬಂದಾಗ ಬಿಂದಿಗೆ ಕೆಳಗಿಟ್ಟಳು.

“ಬೆನ್ನು ನವೆ ಕಣೇ. ಸ್ವಲ್ಪ ಕೆರಿ,” ಎಂದ ಜಟ್ಟಿ.

ಮಸಿಗಣ್ಣ ಅವಳ ಬಾಯನ್ನೇ ನೋಡುತ್ತಿದ್ದ.

“ನನ್ ಕೈಲಾಗಲ್ಲ. ನೀವೇ ಕೆರ್ಕೊಳಿ,” ಎಂದು ಚೆನ್ನಾಜಮ್ಮ ಸೆರಗಿನಲ್ಲಿ ಕೈ ಅಡಗಿಸಿಕೊಂಡಳು.

“ಇದೇನಿವತ್ತು, ಇವಳಿಗೂ ಏನೋ ಆಗಿದೆ!” ಎಂದು ಗೊಣಗುತ್ತ ಜಟ್ಟಿ ಎದ್ದು ಅಖಾಡದ ಕಂಬಕ್ಕೆ ಬೆನ್ನು ಉಜ್ಜಿದ, ಎಮ್ಮೆ ಉಜ್ಜುವ ಹಾಗೆ. ಅವನ ಕಾಲ ಬಳಿ ಏನೋ ಪುಡಿಪುಡಿಯಾಗಿ ಉದುರಿತು. ಬಗ್ಗಿ ನೋಡಿದ. ಕೆಮ್ಮಣ್ಣು.

ಕೈ ಹಿಂದೆ ಹಾಕಿ ಮುಟ್ಟಿದ. ಹೆಗಲಿಂದ ಸೊಂಟದವರೆಗೆ ಮಣ್ಣು ಒಣಗಿ ಅಂಟಿತ್ತು. ಅವನ ಬೆನ್ನಿಗೆ ಹುಟ್ಟಿದಾಗಿನಿಂದ ಅಖಾಡದ ಮಣ್ಣು ಹತ್ತಿರಲಿಲ್ಲ.

“ಗೆದ್ದ ಸಂತೋಷಕ್ಕೆ ಮಣ್ಣಲ್ಲಿ ಹೊರಳಾಡಿದೆ ಜಟ್ಟಿ, ಅಷ್ಟೇ,” ಎಂದ ಮಸಿಗಣ್ಣ ಅವಸರದಿಂದ.

“ಹೊರಳಾಡೋಕೆ ನಾನೇನು ಕತ್ತೆಯಾ?” ಎಂದ ಜಟ್ಟಿ.

ಆಮೇಲೆ ಅವನು ಕಣ್ಣು ಮುಚ್ಚಿ ಬೆನ್ನು ಮಣ್ಣಿಗೆ ತಾಗಿದ ಗಳಿಗೆಯನ್ನು ಹುಡುಕಿದ. ಎಡಕ್ಕೆ ಹೊಡೆದದ್ದು ನೆನಪಿತ್ತು, ಬಲಕ್ಕೆ ಹೊಡೆದದ್ದು ನೆನಪಿತ್ತು. ಅದರ ಮುಂದೆ ಆಕಾಶ. ನಡುವೆ ಏನೂ ಇರಲಿಲ್ಲ. ಅವನಿಗೆ ತುಂಬಾ ದುಃಖವಾಯಿತು. ಸೋತದ್ದಕ್ಕಿಂತ, ಸೋಲುವಾಗ ತಾನು ಅಲ್ಲಿರಲಿಲ್ಲವಲ್ಲ ಎಂದೇ ಹೆಚ್ಚು ನೊಂದ.

“ಚೆನ್ನಾಜಿ, ಗೆಲ್ಲದಿದ್ರೆ ನಾನು ಯಾರೇ?” ಎಂದು ಕೇಳಿದ.

“ನನ್ ಗಂಡ,” ಎಂದಳು ಅವಳು. ಅದನ್ನು ಹೇಳಬಾರದೆಂದು ಯಾವ ಮಾಯಗಾರನೂ ಕಟ್ಟು ಹಾಕಿರಲಿಲ್ಲ.

ಜಟ್ಟಿ ಬಗ್ಗಿ ಹಿಡಿ ತುಂಬ ಮಣ್ಣು ಎತ್ತಿದ. ಒಂದು ಹೆಜ್ಜೆ ಇಟ್ಟ, ನಿಂತ. ಎರಡು ಹೆಜ್ಜೆ ಇಟ್ಟ, ನಿಂತ. ಮೂರನೆಯದಕ್ಕೆ ಕರಡಿಯ ಮುಂದಿದ್ದ. ಸೂರ್ಯ ಉಗುರಿನಷ್ಟು ಉಳಿದಿದ್ದ. ಜಟ್ಟಿ ಕರಡಿಯ ಹೆಗಲಿಗೆ ಮಣ್ಣು ಹಚ್ಚಿ, ಮೂಲೆ ಮೂಲೆಗೂ ಕೇಳುವಂತೆ ಹೇಳಿದ:

“ಗೆದ್ದವನು ನೀನಪ್ಪಾ. ಹೇಗೆ ಗೆದ್ದೆಯೋ ನನಗೆ ಗೊತ್ತಿಲ್ಲ. ಆದರೆ ಗೆದ್ದವನು ನೀನೇ.”

ಕರಡಿಯ ಚರ್ಮ ಕಂಬಳಿಯಂತೆ ಜಾರಿ ಬಿತ್ತು. ಒಳಗಿನಿಂದ ಹೊನ್ನರಸ ಎದ್ದು ನಿಂತ. ಮಸಿಗಣ್ಣ ಒಮ್ಮೆ ಕಿರುಚಿ, ಹಿಡಿ ಬೂದಿಯಾಗಿ ಗಾಳಿಗೆ ಹೋದ. ರಾಜ ಸಿಂಹಾಸನದಿಂದ ಇಳಿದು, ಕಿರೀಟ ಬಿದ್ದದ್ದೂ ಗೊತ್ತಾಗದೆ ಓಡಿದ.

“ಅಯ್ಯಯ್ಯೋ, ಚಿಕ್ಕಸ್ವಾಮಿಯವರು!” ಜಟ್ಟಿ ತಲೆ ಹಿಡಿದುಕೊಂಡ. “ಮೂರು ವರ್ಷದಿಂದ ನಾನು ಹೊಡೀತಿದ್ದದ್ದು ಇವರನ್ನಾ? ಎಲ್ಲರಿಗೂ ಗೊತ್ತಿತ್ತಾ?”

“ಗೊತ್ತಿತ್ತು!” ಎಂದಿತು ಇಡೀ ಊರು, ಮೂರು ವರ್ಷದ ಬಾಯಿಕಟ್ಟು ಒಮ್ಮೆಲೇ ಬಿಚ್ಚಿ.

ಅಂದಿನಿಂದ ಬೆಣಚೂರಿನವರು ಹಾಲು ಅನ್ನ ಉಂಡು, ಜಗಳಕ್ಕೂ ಪುರುಸೊತ್ತಿಲ್ಲದಷ್ಟು ಸುಖವಾಗಿದ್ದರು. ದುಗ್ಗಜಟ್ಟಿ ಮತ್ತೆ ಅಖಾಡಕ್ಕಿಳಿಯಲಿಲ್ಲ. ಆದರೆ ದಿನಾ ಬೆಳಿಗ್ಗೆ ಅರಮನೆಗೆ ಹೋಗಿ, “ಚಿಕ್ಕಸ್ವಾಮಿ, ಆ ಏಟು ಇನ್ನೊಂದು ಸಲ ತೋರಿಸಿ, ನಿಧಾನಕ್ಕೆ,” ಎನ್ನುತ್ತಿದ್ದ. ಹೊನ್ನರಸ ಮುಷ್ಟಿ ಕಟ್ಟಿ ಕೆಳಗಿನಿಂದ ಮೆಲ್ಲಗೆ ಎತ್ತಿ ಅವನ ದವಡೆಯ ಹತ್ತಿರ ನಿಲ್ಲಿಸುತ್ತಿದ್ದ. ಮುದುಕ ಕಣ್ಣರಳಿಸಿ ಅದು ಬರುವುದನ್ನು ನೋಡುತ್ತಿದ್ದ.

“ಎಂಥಾ ಚಂದದ ಏಟು,” ಎನ್ನುತ್ತಿದ್ದ.